ಕಾಣದ ಶಾಖಕ್ಕೂ ಉಂಟು ಲೆಕ್ಕ

ಕೇಳುಗರೇ, ಅಷ್ಟವಿನಾಯಕ ಯಾತ್ರೆಯಲ್ಲಿ ರಾಂಜಣಗಾಂವಕ್ಕೆ ಹೋಗಿದ್ದೀರಾ? ದಕ್ಷಿಣಾಯನದಲ್ಲಿ ಸೂರ್ಯಕಿರಣ ಮಹಾಗಣಪತಿಯ ಮೇಲೆ ಬೀಳುವಂತೆ ಆ ಗುಡಿ ಕಟ್ಟಿದ್ದಾರೆ ಅಂತಾರೆ. ಆ ಬಿಸಿಲಲ್ಲಿ ಸುಮಾರು ಅರ್ಧಪಾಲು ಕಣ್ಣಿಗೇ ಕಾಣದ್ದು: ಇನ್‌ಫ್ರಾರೆಡ್, ಅಂದರೆ ಅವಗೆಂಪು ಕಿರಣ.

1800ರಲ್ಲಿ ಇಂಗ್ಲೆಂಡಿನಲ್ಲಿ ವಿಲಿಯಂ ಹರ್ಷೆಲ್ ಬಿಸಿಲನ್ನು ಪ್ರಿಸಂನಿಂದ ಬಣ್ಣಗಳಾಗಿ ಒಡೆದು, ಕೆಂಪಿನ ಆಚೆ, ಬಣ್ಣವೇ ಇಲ್ಲದ ಕಡೆ ಥರ್ಮಾಮೀಟರ್ ಇಟ್ಟರು. ಅಲ್ಲಿ ಬಿಸಿ ಏರಿತು! ಕಿರಣವೇನೋ ಸಿಕ್ಕಿತು, ಲೆಕ್ಕ ಸಿಗಲಿಲ್ಲ.

ಅದು ಸಿಕ್ಕಿದ್ದು 1879ರಲ್ಲಿ, ವಿಯೆನ್ನಾದ ಯೋಸೆಫ್ ಸ್ಟೆಫಾನ್‌ರಿಗೆ. ಜಾನ್ ಟಿಂಡಾಲ್ ಪ್ಲಾಟಿನಂ ತಂತಿ ಕಾಯಿಸಿ ಅಳೆದ ಅಂಕಿ ಅವರ ಮುಂದಿತ್ತು: ತಂತಿ ಸುಮಾರು 525ರಿಂದ 1,200 ಡಿಗ್ರಿ ಸೆಲ್ಸಿಯಸ್‌ಗೆ ಏರಿದರೆ, ಸೂಸುವ ಶಾಖ 11.7 ಪಟ್ಟು. ಗುಟ್ಟು ಇಷ್ಟೇ: ಸೆಲ್ಸಿಯಸ್‌ಗೆ 273 ಕೂಡಿಸಿದರೆ ಕೆಲ್ವಿನ್. ಕೆಲ್ವಿನ್ ಎರಡರಷ್ಟಾದರೆ ಶಾಖ ಎರಡಲ್ಲ, 16 ಪಟ್ಟು! ಇದೇ ಸೂತ್ರದಿಂದ ಸ್ಟೆಫಾನ್ ಸೂರ್ಯನ ಮೇಲ್ಮೈ ಸುಮಾರು 5,400 ಡಿಗ್ರಿ ಅಂದರು. ಇಂದಿನ ಅಳತೆ ಸುಮಾರು 5,500. 1884ರಲ್ಲಿ ಅವರ ಶಿಷ್ಯ ಬೋಲ್ಟ್ಸ್‌ಮನ್ ಸೂತ್ರವನ್ನು ಸಿದ್ಧಾಂತದಿಂದಲೂ ಸಾಧಿಸಿದರು.

ಈಗ ಗುಡಿಯಿಂದ ಅದೇ ಊರಿನ ಎಂಐಡಿಸಿಗೆ ಬನ್ನಿ. ಅಲ್ಲಾಗಲಿ ಬೇರೆಡೆಯಾಗಲಿ, ಭಟ್ಟಿ, ಹೀಟರ್ ಪಕ್ಕ ದುಡಿಯುವವರು ನಿಮ್ಮ ಮನೆಯಲ್ಲಿದ್ದರೆ ಹೇಳಿ: 27 ಡಿಗ್ರಿಯ ಕಡುಗಪ್ಪು ತಗಡು ಚದರ ಮೀಟರಿಗೆ ಸುಮಾರು 460 ವಾಟ್ ಸೂಸುತ್ತೆ, 327 ಡಿಗ್ರಿಯದು 7,350. ಆದರೂ ಅದು ಕೆಂಪಗೆ ಹೊಳೆಯೋದೇ ಇಲ್ಲ, ಸುಮ್ಮನೆ ಕಪ್ಪಗೆ ಕೂತಿರುತ್ತೆ. ಕಣ್ಣು ನಂಬಿ ಕೈ ಚಾಚಬೇಡಿ!