ಪರಸ್ಥಳದಲ್ಲಿ ಒಂದು ಸೂರು



ಕೆಲವು ತಿಂಗಳ ಹಿಂದೆ ಒಂದು ಹೊಸ ಮನೆಯ ಆಶೀರ್ವಾದಕ್ಕೆ ಹೋಗಿದ್ದೆ. ಮನೆಯ ಯಜಮಾನರು ಇಪ್ಪತ್ತು ವರ್ಷ ಕುವೈತಿನಲ್ಲಿ ದುಡಿದವರು. ಒಂದೇ ಕೋಣೆಯ ಬಾಡಿಗೆಯನ್ನು ಆರು ಮಂದಿ ಹಂಚಿಕೊಂಡು ಬದುಕಿ, ಉಳಿಸಿದ ಹಣದಲ್ಲಿ ಈ ಮಹಡಿ ಮನೆಯನ್ನು ಕಟ್ಟಿಸಿದ್ದರು. “ಮೇಲಂತಸ್ತಿನಲ್ಲಿ ಯಾರಿರುತ್ತಾರೆ?” ಎಂದು ಕೇಳಿದೆ. “ಬಾಡಿಗೆಗೆ ಕೊಡುತ್ತೇವೆ ಫಾದರ್. ಆದರೆ ಹೊರಗಿನಿಂದ ಬಂದವರಿಗೆ ಕೊಡುವುದಿಲ್ಲ” ಎಂದರು. ಊಟಕ್ಕೆ ಕುಳಿತವನು ನಾನು, ಸುಮ್ಮನಾದೆ. ಹಿಂದಿರುಗುವ ದಾರಿಯಲ್ಲಿ ಮಾತ್ರ ಎರಡು ಸಾವಿರ ವರ್ಷಗಳಷ್ಟು ಹಳೆಯದಾದ ಇನ್ನೊಂದು ಬಾಡಿಗೆ ಮನೆ ನೆನಪಾಯಿತು.

ಪ್ರೇಷಿತರ ಕಾರ್ಯಕಲಾಪಗಳ ಕಡೆಯ ಅಧ್ಯಾಯದಲ್ಲಿ ಆ ಮನೆಯ ಪ್ರಸ್ತಾಪವಿದೆ. ರೋಮ್ ನಗರದಲ್ಲಿ ಸಂತ ಪೌಲರು ಎರಡು ವರ್ಷ ಬಾಡಿಗೆಯ ವಸತಿಯಲ್ಲಿದ್ದರೆಂದು ಸಂತ ಲೂಕರು ಬರೆಯುತ್ತಾರೆ. ಕಾಲ ಕ್ರಿ.ಶ. 60ರ ಆಸುಪಾಸು. ಪೌಲರು ವಿಚಾರಣಾ ಕೈದಿ. ಕಾವಲಿಗೆ ಒಬ್ಬ ಸೈನಿಕನಿದ್ದ. ಆದರೂ ಬಾಡಿಗೆಯ ಹೊರೆ ಸರಕಾರದ್ದಲ್ಲ, ಅವರದೇ. ಆ ಹೊರೆ ಎಷ್ಟು ಭಾರವಾಗಿದ್ದಿರಬಹುದು?

ಅಂದಿನ ರೋಮಿನಲ್ಲಿ ಸುಮಾರು ಹತ್ತು ಲಕ್ಷ ಜನರಿದ್ದರೆಂದು ಇತಿಹಾಸಕಾರರ ಅಂದಾಜು. ಸ್ಪೇನಿನ ಕೊರ್ದೊಬಾದಿಂದ ಬಂದು ರೋಮಿನಲ್ಲಿ ನೆಲೆಸಿದ್ದ ತತ್ತ್ವಜ್ಞಾನಿ ಸೆನೆಕ, ಈ ಜನಸಾಗರಕ್ಕೆ ಮನೆಗಳು ಸಾಲುತ್ತಿಲ್ಲವೆಂದೂ ಇವರಲ್ಲಿ ಬಹುಪಾಲು ಜನ ಸ್ವಂತ ನಾಡನ್ನು ತೊರೆದು ಬಂದವರೆಂದೂ ಬರೆದಿದ್ದಾನೆ. ಶ್ರೀಮಂತರಿಗೆ ವಿಶಾಲವಾದ ಮನೆಗಳಿದ್ದವು. ಉಳಿದವರು ‘ಇನ್ಸುಲಾ’ ಎಂಬ ಬಹುಮಹಡಿ ವಠಾರಗಳಲ್ಲಿ ತುಂಬಿಕೊಂಡಿದ್ದರು. ಇವು ಕುಸಿದು ಬೀಳುತ್ತಿದ್ದುದರಿಂದ ಚಕ್ರವರ್ತಿ ಅಗಸ್ಟಸನು ರಸ್ತೆಬದಿಯ ಕಟ್ಟಡಗಳ ಎತ್ತರವನ್ನು 70 ಅಡಿಗೆ ಮಿತಿಗೊಳಿಸಬೇಕಾಯಿತು. ನೆಲಮಹಡಿ ಉತ್ತಮವಾದದ್ದು, ಮೇಲೆ ಹತ್ತಿದಂತೆ ಬಡತನ. ಅಲ್ಲಿ ನೀರಿಲ್ಲ, ಅಡುಗೆಗೆ ತಕ್ಕ ಸ್ಥಳವಿಲ್ಲ. ಬೆಂಕಿ ಹತ್ತಿದರೆ ಎಲ್ಲರಿಗಿಂತ ಕೊನೆಗೆ ಇಳಿಯಬೇಕಾದವನು ಮೇಲಿನವನೇ.

ಇಂತಹ ವಸತಿಯೂ ಅಗ್ಗವಾಗಿರಲಿಲ್ಲ. ಕ್ರಿ.ಪೂ. ಮೊದಲನೆಯ ಶತಮಾನದಲ್ಲಿ ಜೂಲಿಯಸ್ ಸೀಸರನು ಬಡ ಬಾಡಿಗೆದಾರರಿಗೆ ಒಂದು ವರ್ಷದ ಬಾಡಿಗೆಯನ್ನು ಮನ್ನಾ ಮಾಡಿದಾಗ ರೋಮಿಗೆ 2000 ಸೆಸ್ಟರ್ಸ್, ಇಟಲಿಯ ಇತರ ಊರುಗಳಿಗೆ 500 ಸೆಸ್ಟರ್ಸ್ ಮಿತಿಯನ್ನಿಟ್ಟನು. ರಾಜಧಾನಿಯ ಬಾಡಿಗೆ ಉಳಿದೆಡೆಗಿಂತ ಎಷ್ಟು ಹೆಚ್ಚೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ದ್ರಾಕ್ಷಿತೋಟದ ಸಾಮತಿಯಲ್ಲಿ ಕೂಲಿಯಾಳಿಗೆ ದೊರೆತ ದಿನಗೂಲಿ ಒಂದು ದೆನಾರಿ, ಅಂದರೆ 4 ಸೆಸ್ಟರ್ಸ್. ಆ ಲೆಕ್ಕದಲ್ಲಿ 2000 ಸೆಸ್ಟರ್ಸ್ ಎಂದರೆ 500 ದಿನಗಳ ಕೂಲಿ! ರೋಮಿನಲ್ಲಿ ಕತ್ತಲೆಯ ಗೂಡಿಗೆ ತೆರುವ ಒಂದು ವರ್ಷದ ಬಾಡಿಗೆಯಿಂದ ಸಣ್ಣ ಊರಿನಲ್ಲಿ ಒಳ್ಳೆಯ ಮನೆಯನ್ನೇ ಕೊಳ್ಳಬಹುದೆಂದು ಕವಿ ಜುವೆನಾಲ್ ಮುಂದೆ ಹಂಗಿಸಿದ್ದಾನೆ.

ನಡುವೆ ದಲ್ಲಾಳಿಗಳೂ ಇದ್ದರು. ಒಬ್ಬನು ಇಡೀ ವಠಾರವನ್ನು 30ಕ್ಕೆ ಗುತ್ತಿಗೆ ಹಿಡಿದು, ಕೋಣೆಗಳನ್ನು ಬಿಡಿಬಿಡಿಯಾಗಿ ಕೊಟ್ಟು 40 ಸಂಪಾದಿಸುವ ಉದಾಹರಣೆ ರೋಮನ್ ನ್ಯಾಯಶಾಸ್ತ್ರದಲ್ಲೇ ದಾಖಲಾಗಿದೆ. ಆ ಹೆಚ್ಚಿನ ಹತ್ತು ಬರುತ್ತಿದ್ದುದು ಬಾಡಿಗೆದಾರರ ಜೇಬಿನಿಂದಲೇ.

ಹೊರಗಿನವನಿಗೆ ಮತ್ತೊಂದು ತೊಂದರೆಯಿತ್ತು. ರೋಮ್ ನಗರವು ತನ್ನ ಪೌರರಿಗೆ ತಿಂಗಳಿಗೆ 5 ಮೋದಿ, ಅಂದರೆ ಸುಮಾರು 33 ಕಿಲೋ ಗೋಧಿಯನ್ನು ಉಚಿತವಾಗಿ ಹಂಚುತ್ತಿತ್ತು. ಕ್ರಿ.ಪೂ. 2ರಲ್ಲಿ ಅದನ್ನು ಪಡೆಯುವವರ ಸಂಖ್ಯೆ ಎರಡು ಲಕ್ಷಕ್ಕೂ ತುಸು ಹೆಚ್ಚಿತ್ತು. ಪಟ್ಟಿಯಲ್ಲಿ ಹೆಸರಿಲ್ಲದ ಪರದೇಶಿಯು ಅದೇ ಬೀದಿಯಲ್ಲಿ ವಾಸಿಸಿ, ಅದೇ ಬಾಡಿಗೆ ತೆತ್ತು, ಗೋಧಿಯನ್ನು ಮಾತ್ರ ಪೇಟೆಯ ಬೆಲೆಗೆ ಕೊಳ್ಳಬೇಕಿತ್ತು.

ಇಷ್ಟೆಲ್ಲ ಕಷ್ಟಪಟ್ಟು ನೆಲೆ ನಿಂತರೂ ಭದ್ರತೆ ಇರಲಿಲ್ಲ. ಅಕ್ವಿಲ ಮತ್ತು ಪ್ರಿಸ್ಸಿಲ್ಲ ದಂಪತಿಗಳನ್ನು ನೆನೆಯಿರಿ. ಅಕ್ವಿಲನು ಕಪ್ಪು ಸಮುದ್ರದ ತೀರದ ಪೊಂತ ಪ್ರಾಂತ್ಯದವನು; ಕಸುಬು ಗುಡಾರ ಮಾಡುವುದು. ಕ್ರಿ.ಶ. 49ರ ಸುಮಾರಿಗೆ ಚಕ್ರವರ್ತಿ ಕ್ಲೌದಿಯನು ಯೆಹೂದ್ಯರು ರೋಮ್ ಬಿಡಬೇಕೆಂದು ಆಜ್ಞೆ ಮಾಡಿದಾಗ ಅವರು ಕೊರಿಂಥಕ್ಕೆ ಹೋದರು, ಅಲ್ಲಿಂದ ಎಫೆಸಕ್ಕೆ, ಮುಂದೆ ಮರಳಿ ರೋಮಿಗೆ. ಪ್ರತಿಸಲವೂ ಹೊಸ ಊರು, ಹೊಸ ಮನೆ. ಆದರೆ ಗಮನಿಸಿ: ಕೊರಿಂಥದಲ್ಲಿ ಅಪರಿಚಿತನಾಗಿ ಬಂದ ಪೌಲರಿಗೆ ಜಾಗ ಕೊಟ್ಟವರು ಇವರೇ. ಎಫೆಸದಲ್ಲಿಯೂ ರೋಮಿನಲ್ಲಿಯೂ ಭಕ್ತರು ಕೂಡಿ ಪ್ರಾರ್ಥಿಸಿದ್ದು ಇವರ ಮನೆಯಲ್ಲೇ. ತಾವು ಹೊರಹಾಕಲ್ಪಟ್ಟವರು ಇನ್ನೊಬ್ಬರಿಗೆ ಬಾಗಿಲು ತೆರೆದರು.

ರೋಮಿನಲ್ಲಿ ಲಾತೆರಾನ್ ಮಹಾದೇವಾಲಯ ಎದ್ದದ್ದು ಕ್ರಿ.ಶ. 313ರ ಅನಂತರ. ಅದಕ್ಕೆ ಮುನ್ನ ಎರಡೂವರೆ ಶತಮಾನಗಳಿಗೂ ಹೆಚ್ಚು ಕಾಲ ಅಲ್ಲಿನ ಧರ್ಮಸಭೆ ಮನೆಗಳಲ್ಲಿ ಕೂಡುತ್ತಿತ್ತು. ಅದರ ಆರಂಭದ ಸದಸ್ಯರಲ್ಲಿ ಅನೇಕರು ಪರಸ್ಥಳದಿಂದ ಬಂದವರು. ಪೌಲರೂ ಬಾಡಿಗೆಯ ವಸತಿಯಲ್ಲಿ, ಬಂದವರೆಲ್ಲರನ್ನೂ ಬರಮಾಡಿಕೊಂಡರೆಂದು ಲೂಕರು ಹೇಳುತ್ತಾರೆ. ಬಾಡಿಗೆಯೊಂದಿಗೆ ಅತಿಥಿ ಸತ್ಕಾರವೂ ನಡೆಯಿತು!

ಇಂದು ನಮ್ಮ ಊರುಗಳಿಗೆ ಉತ್ತರ ಕರ್ನಾಟಕದಿಂದ, ಒಡಿಶಾದಿಂದ, ಬಿಹಾರದಿಂದ ದುಡಿಯಲು ಬರುವವರಿದ್ದಾರೆ. ಅವರೂ ತಿಂಗಳ ಕೊನೆಗೆ ಊರಿಗೆ ಕಳುಹಿಸುವ ಹಣವನ್ನೂ ಬಾಡಿಗೆಯನ್ನೂ ಪಕ್ಕಪಕ್ಕದಲ್ಲಿಟ್ಟು ಲೆಕ್ಕ ಹಾಕುವವರೇ. ಈ ಲೆಕ್ಕ ಕುವೈತಿನಲ್ಲಿ ಇಪ್ಪತ್ತು ವರ್ಷ ಕಳೆದವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೆ ಗೊತ್ತು?

ಆ ಯಜಮಾನರು ಒಳ್ಳೆಯವರು, ಈ ಪತ್ರಿಕೆಯ ಓದುಗರೂ ಹೌದು. ಮೇಲಂತಸ್ತು ಇನ್ನೂ ಖಾಲಿಯಿದೆಯೆಂದು ಕೇಳಿದೆ. ಅಂದು ಊಟದ ಮುಂದೆ ಕುಳಿತು ಹೇಳಲಾಗದ ಮಾತನ್ನು ಇಲ್ಲಿ ಬರೆದಿದ್ದೇನೆ.