ಆರು ಗಂಟೆಯ ದ್ವೀಪ

“ದೇಶ ಸುತ್ತು, ಕೋಶ ಓದು” ಎಂದರು ನಮ್ಮ ಹಿರಿಯರು. ಅವರು ಕಾಲ್ನಡಿಗೆಯಲ್ಲಿ ಹೋದವರು, ಗಾಡಿ ಕಟ್ಟಿಕೊಂಡು ಹೋದವರು. ಒಂದೂರಿನ ಛತ್ರದಲ್ಲಿ ನಾಲ್ಕು ದಿನ ಇಳಿದುಕೊಂಡು, ಅಲ್ಲಿಯ ಕೆರೆಯ ನೀರು ಕುಡಿದು, ಗುಡಿಯ ಅರ್ಚಕರಿಂದ ಸ್ಥಳಪುರಾಣ ಕೇಳಿ, ಆಮೇಲೆ ಮುಂದಿನ ಊರಿನ ದಾರಿ ಹಿಡಿದವರು. ಅಂಥವರು ಮೊದಲು ಸುತ್ತಿ ಆಮೇಲೆ ಓದಿದರೂ ನಷ್ಟವಿರಲಿಲ್ಲ. ಈಗಿನ ವಿಹಾರನೌಕೆಯ ಪ್ರಯಾಣಿಕನಿಗೆ ಒಂದು ದ್ವೀಪ ದಕ್ಕುವುದು ಆರೇಳು ಗಂಟೆಯ ಹೊತ್ತು. ಅವನು ಗಾದೆಯ ಕ್ರಮವನ್ನು ತಿರುಗಿಸಿಕೊಳ್ಳದಿದ್ದರೆ ನೋಡಿಯೂ ನೋಡದೆ ಬರುತ್ತಾನೆ. ಈ ಮಾತನ್ನು ಅನುಭವದಿಂದ, ಸ್ವಲ್ಪ ನಾಚಿಕೆಯಿಂದಲೂ ಹೇಳುತ್ತಿದ್ದೇನೆ.

ಎರಡು ವರ್ಷದ ಹಿಂದೆ ಫ್ಲಾರಿಡಾದಲ್ಲಿರುವ ಭಾವಮೈದುನನ ಮನೆಗೆ ಹೋಗಿದ್ದಾಗ, ಅವನ ಒತ್ತಾಯಕ್ಕೆ ಕಟ್ಟುಬಿದ್ದು ನಾನೂ ನನ್ನ ಹೆಂಡತಿಯೂ ಮಯಾಮಿಯಿಂದ ನಾಲ್ಕು ರಾತ್ರಿಯ ಕೆರಿಬಿಯನ್ ಯಾತ್ರೆಗೆ ಹೊರಟೆವು. ಮುಖ್ಯ ನಿಲುಗಡೆ ಬಹಾಮಾ ದ್ವೀಪಗಳ ರಾಜಧಾನಿಯಾದ ನಸ್ಸೌ. ಭೂಗೋಳದ ಪ್ರಕಾರ ಬಹಾಮಾ ಇರುವುದು ಅಟ್ಲಾಂಟಿಕ್ ಸಾಗರದಲ್ಲಿ, ಕೆರಿಬಿಯನ್ ಸಮುದ್ರದಲ್ಲಲ್ಲ. ಹಡಗಿನ ಕಂಪನಿಗಳಿಗೆ ಆ ಸೂಕ್ಷ್ಮ ಬೇಕಾಗಿಲ್ಲ. ನಮ್ಮ ಹಡಗಿನ ಹಿಂಭಾಗದಲ್ಲಿ ದೊಡ್ಡ ಅಕ್ಷರಗಳಲ್ಲಿ ‘ನಸ್ಸೌ’ ಎಂದು ಬರೆದಿತ್ತು. ಅಮೆರಿಕದ ಬಂದರಿನಿಂದ ಅಮೆರಿಕದವರನ್ನೇ ಹೆಚ್ಚಾಗಿ ತುಂಬಿಕೊಂಡು ಹೊರಡುವ ಹಡಗಿಗೆ ಪರದೇಶದ ಊರಿನ ಹೆಸರೇಕೆ? ಆ ಪ್ರಶ್ನೆಯನ್ನು ಅಂದು ನಾನು ಕೇಳಲಿಲ್ಲ. ಊರಿಗೆ ಹಿಂದಿರುಗಿ ಪುಸ್ತಕಗಳನ್ನು ಬಿಡಿಸಿದ ಮೇಲೆ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂಥ ಯಾತ್ರೆಗೆ ಹೊರಡುವವರಿಗೆ ನಾನು ಕೊಡಬಲ್ಲ ಬುದ್ಧಿಮಾತೂ ಅದರೊಳಗೇ ಇದೆ.

ಬರಿಯ ವಿನೋದಕ್ಕಾಗಿ ಸಮುದ್ರದ ಮೇಲೆ ಹೋಗಿಬರುವುದು ಬಹಳ ಹಳೆಯ ಪದ್ಧತಿಯೇನಲ್ಲ. ಚಳಿಗಾಲದಲ್ಲಿ ಅಟ್ಲಾಂಟಿಕ್ ದಾಟುವವರು ಕಡಿಮೆಯಾಗಿ ಹಡಗುಗಳು ಸುಮ್ಮನೆ ನಿಲ್ಲುವುದನ್ನು ಕಂಡು, ಜರ್ಮನಿಯ ಆಲ್ಬರ್ಟ್ ಬಾಲಿನ್ ಎಂಬಾತ 1891ರಲ್ಲಿ ತನ್ನ ಕಂಪನಿಯ ಹಡಗೊಂದನ್ನು ಮೆಡಿಟರೇನಿಯನ್ ಸಮುದ್ರದ ವಿಹಾರಕ್ಕೆ ಕಳುಹಿಸಿದ. ಜನ ಮೆಚ್ಚಿದರು. 1900ರಲ್ಲಿ ವಿಹಾರಕ್ಕೆಂದೇ ಕಟ್ಟಿಸಿದ ‘ಪ್ರಿನ್‌ಸೆಸಿನ್ ವಿಕ್ಟೋರಿಯಾ ಲೂಯಿಸ್’ ನೀರಿಗಿಳಿಯಿತು. 1906ರ ಡಿಸೆಂಬರಿನಲ್ಲಿ ಅದು ಜಮೈಕಾದ ಕಿಂಗ್‌ಸ್ಟನ್ನಿಗೆ ಬರುತ್ತಿದ್ದಾಗ, ದೀಪಸ್ತಂಭವನ್ನು ಗುರುತಿಸುವುದರಲ್ಲಿ ನಾಯಕ ತಪ್ಪಿದ್ದರಿಂದ ಬಂಡೆಗೆ ಬಡಿದು ಹಾಳಾಯಿತು. ಪ್ರಯಾಣಿಕರೆಲ್ಲರೂ ಕ್ಷೇಮವಾಗಿ ದಡ ಸೇರಿದರು. ನಾಯಕ ಮಾತ್ರ ತನ್ನ ಕೋಣೆಗೆ ಹೋಗಿ ಗುಂಡು ಹಾರಿಸಿಕೊಂಡು ಸತ್ತ. ವಿಹಾರವೆಂದರೂ ಸಮುದ್ರ ಸಮುದ್ರವೇ. 2012ರಲ್ಲಿ ಇಟಲಿಯ ತೀರದಲ್ಲಿ ‘ಕೋಸ್ಟಾ ಕಾಂಕಾರ್ಡಿಯಾ’ ಹಡಗು ಉರುಳಿ 32 ಮಂದಿ ಸತ್ತದ್ದು ಅನೇಕರಿಗೆ ನೆನಪಿರಬಹುದು. ಆದ್ದರಿಂದ ಹೊರಡುವ ಮುನ್ನ ನಡೆಯುವ ರಕ್ಷಣೆಯ ಕವಾಯತನ್ನು ‘ಇದೊಂದು ಶಾಸ್ತ್ರ’ ಎಂದು ತಪ್ಪಿಸಿಕೊಳ್ಳಬಾರದು. ನಮ್ಮ ಕೋಣೆಯಿಂದ ಪ್ರಾಣರಕ್ಷಕ ದೋಣಿಗೆ ಯಾವ ದಾರಿ ಎಂಬುದನ್ನು ಒಮ್ಮೆ ನಡೆದೇ ನೋಡಿಕೊಳ್ಳುವುದು ಒಳ್ಳೆಯದು.

ಅಮೆರಿಕದವರಿಗೆ ಕೆರಿಬಿಯನ್ನಿನ ರುಚಿ ಹತ್ತಿಸಿದ್ದು, ವಿಚಿತ್ರವೆನಿಸಬಹುದು, ಬಾಳೆಹಣ್ಣು. 1870ರಲ್ಲಿ ಲೊರೆಂಜೊ ಡೌ ಬೇಕರ್ ಎಂಬ ಹಡಗಿನ ನಾಯಕ ಜಮೈಕಾದ ಬಾಳೆಗೊನೆಗಳನ್ನು ನ್ಯೂಜೆರ್ಸಿಗೆ ಒಯ್ದು ಲಾಭಕ್ಕೆ ಮಾರಿದ. ಆ ವ್ಯಾಪಾರ ಬೆಳೆದು ಬೆಳೆದು 1899ರಲ್ಲಿ ಯುನೈಟೆಡ್ ಫ್ರೂಟ್ ಎಂಬ ಮಹಾ ಕಂಪನಿಯಾಯಿತು. ಬಿಸಿಲಿನ ಶಾಖಕ್ಕೆ ಕಾಯಿ ಬೇಗ ಹಣ್ಣಾಗದಿರಲೆಂದು ಅದರ ಹಡಗುಗಳಿಗೆ ಬಿಳಿಯ ಬಣ್ಣ ಬಳಿದಿದ್ದರು. ಕೆಳಗೆ ಬಾಳೆಗೊನೆ, ಮೇಲೆ ಪ್ರಯಾಣಿಕರು. ವಿಹಾರನೌಕೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವ ಹಂಸದಂಥ ಬಿಳಿಯ ಹಡಗನ್ನು ಅವರು ಮೊದಲು ಕಂಡದ್ದು ಹೀಗೆ, ಹಣ್ಣಿನ ಮೇಲಂತಸ್ತಿನಲ್ಲಿ.

ಬಾಳೆಹಣ್ಣಿನ ಅನಂತರ ಮದ್ಯದ ಸರದಿ. 1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿರೋಧವಿತ್ತು. ನಸ್ಸೌ ಆಗ ಬ್ರಿಟಿಷರ ಊರು. ಅಲ್ಲಿ ಯಾವ ನಿರ್ಬಂಧವೂ ಇರಲಿಲ್ಲ. ಕುಡಿಯುವವರು ಅಲ್ಲಿಗೆ ಹೋದರು, ಕದ್ದು ಸಾಗಿಸುವವರು ಅಲ್ಲಿಂದ ಪೆಟ್ಟಿಗೆಗಳನ್ನು ತುಂಬಿಸಿ ತಂದರು. ಕೆಲವು ಅಮೆರಿಕನ್ ಮಾಲೀಕರು ತಮ್ಮ ಹಡಗಿನಲ್ಲೇ ಮದ್ಯ ಬಡಿಸುವ ಉಪಾಯವಾಗಿ ಸ್ವದೇಶದ ಬಾವುಟ ಇಳಿಸಿ ಪನಾಮಾದ ಬಾವುಟ ಏರಿಸಿದರು. ಪಾನನಿರೋಧ ಹೋಯಿತು, ಬಾವುಟದ ಉಪಾಯ ಉಳಿಯಿತು. ತೆರಿಗೆ ಕಡಿಮೆ, ಯಾವ ದೇಶದ ನಾವಿಕನನ್ನಾದರೂ ನೇಮಿಸಿಕೊಳ್ಳಬಹುದು ಎಂಬ ಕಾರಣಕ್ಕೆ ದೊಡ್ಡ ವಿಹಾರನೌಕೆಗಳಲ್ಲಿ ಹಲವು ಈಗಲೂ ಪನಾಮಾದಲ್ಲೋ ಬಹಾಮಾದಲ್ಲೋ ನೋಂದಣಿಯಾಗುತ್ತವೆ. ನಮ್ಮ ಹಡಗಿನ ಬೆನ್ನ ಮೇಲೆ ‘ನಸ್ಸೌ’ ಎಂದಿದ್ದದ್ದು ಇದರಿಂದ.

ಇಲ್ಲೊಂದು ಕಾನೂನಿನ ಗಂಟೂ ಇದೆ. 1886ರಲ್ಲಿ ಮಾಡಿದ ಅಮೆರಿಕದ ಶಾಸನವೊಂದರ ಪ್ರಕಾರ, ಪರದೇಶದ ಬಾವುಟದ ಹಡಗು ಅಮೆರಿಕದ ಬಂದರಿನಿಂದ ಅಮೆರಿಕದ ಬಂದರಿಗೇ ಜನರನ್ನು ಸಾಗಿಸುವಂತಿಲ್ಲ. ಹೊರಟಲ್ಲಿಗೇ ಹಿಂದಿರುಗುವ ವಿಹಾರವಾದರೂ ನಡುವೆ ಒಂದು ಪರದೇಶದ ಬಂದರನ್ನು ಮುಟ್ಟಬೇಕು. ಮಯಾಮಿಗೆ ಸುಮಾರು 300 ಕಿಲೋಮೀಟರ್ ದೂರದಲ್ಲಿ, ಒಂದು ರಾತ್ರಿಯ ದಾರಿಯಲ್ಲಿರುವ ನಸ್ಸೌ ಇದಕ್ಕೆ ಹೇಳಿಮಾಡಿಸಿದ ಹಾಗಿದೆ. 1959ರ ಕ್ರಾಂತಿಯ ಮೇಲೆ ಕ್ಯೂಬಾದ ಬಾಗಿಲು ಅಮೆರಿಕದ ಪ್ರವಾಸಿಗಳಿಗೆ ಮುಚ್ಚುತ್ತ ಬಂದದ್ದು ನಸ್ಸೌವಿನ ಭಾಗ್ಯವನ್ನು ಇನ್ನಷ್ಟು ತೆರೆಯಿತು. 1966ರ ಡಿಸೆಂಬರಿನಲ್ಲಿ ‘ಸನ್‌ವರ್ಡ್’ ಎಂಬ ಹಡಗು ಮಯಾಮಿಯಿಂದ ನಸ್ಸೌಗೆ ಕ್ರಮವಾಗಿ ಓಡಾಡತೊಡಗಿತು. ಇಂದಿನ ಮೂರು ನಾಲ್ಕು ರಾತ್ರಿಯ ಕಿರುಯಾತ್ರೆಗಳೆಲ್ಲ ಅದರ ಸಂತಾನ.

ನಮ್ಮಂಥ ಭಾರತೀಯರು ಈ ಗಂಟನ್ನು ಮರೆಯಬಾರದು. ಹಡಗು ನಸ್ಸೌ ಮುಟ್ಟಿತೆಂದರೆ ನಾವು ಅಮೆರಿಕವನ್ನು ಬಿಟ್ಟಂತೆ. ಹಿಂದಿರುಗುವಾಗ ಮತ್ತೆ ಪ್ರವೇಶ ಪಡೆಯಬೇಕು. ವೀಸಾ ಹಲವು ಬಾರಿಯ ಪ್ರವೇಶಕ್ಕೆ ಸಲ್ಲುವುದೇ ಎಂದೂ, ದಾರಿಯ ಪ್ರತಿಯೊಂದು ದ್ವೀಪ ಭಾರತದ ಪಾಸ್‌ಪೋರ್ಟಿಗೆ ಏನು ಕೇಳುತ್ತದೆ ಎಂದೂ ಹಣ ಕಟ್ಟುವುದಕ್ಕೆ ಮೊದಲೇ ವಿಚಾರಿಸಿಕೊಳ್ಳಬೇಕು. ಜೂನ್ ಒಂದರಿಂದ ನವೆಂಬರ್ ಕೊನೆಯವರೆಗೆ ಅಲ್ಲಿ ಚಂಡಮಾರುತದ ಕಾಲ. ಆಗ ಹಡಗು ಗೊತ್ತಾದ ಬಂದರನ್ನು ಬಿಟ್ಟು ಬೇರೆ ಕಡೆಗೆ ತಿರುಗಿದರೆ ಕೋಪಿಸಿಕೊಂಡು ಫಲವಿಲ್ಲ. ದೊಡ್ಡ ಪೆಟ್ಟಿಗೆಯನ್ನು ಬಂದರಿನಲ್ಲಿ ಒಪ್ಪಿಸಿದರೆ ಅದು ಕೋಣೆಗೆ ಬರುವಾಗ ಸಂಜೆಯಾದೀತು. ಔಷಧ, ಕಾಗದಪತ್ರ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ಫೋನಿನ ಸಂಪರ್ಕವನ್ನು ಸಮುದ್ರದ ಮೇಲೆ ಆರಿಸಿಡಿ. ಉಪಗ್ರಹದ ಮೂಲಕ ಆಡಿದ ಎರಡು ಮಾತಿನ ಬೆಲೆ ಊರಿಗೆ ಬಂದ ಮೇಲೆ ತಿಳಿಯುತ್ತದೆ. ನಮಗೆ ಹಾಗೆಯೇ ತಿಳಿಯಿತು!

ದಡಕ್ಕಿಳಿದ ಮೇಲೆ ಗಡಿಯಾರವೇ ಯಜಮಾನ. ಕೆಲವು ಯಾತ್ರೆಗಳಲ್ಲಿ ದ್ವೀಪದ ಹೊತ್ತು ಬೇರೆ, ಹಡಗಿನ ಹೊತ್ತು ಬೇರೆ, ಹಡಗಿನದನ್ನೇ ನಂಬಬೇಕು. ಹೊರಡುವುದಕ್ಕೆ ಅರ್ಧ ಗಂಟೆಯಾದರೂ ಮುಂಚೆ ಎಲ್ಲರೂ ಒಳಗಿರಬೇಕೆಂಬುದು ಸಾಮಾನ್ಯ ನಿಯಮ. ಹಡಗಿನವರೇ ಏರ್ಪಡಿಸಿದ ದಡದ ಸುತ್ತಾಟಕ್ಕೆ ಹೋದವರು ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ. ತಾವೇ ಟ್ಯಾಕ್ಸಿ ಹಿಡಿದು ಹೋದವರಿಗಾಗಿ ಕಾಯುವುದಿಲ್ಲ. ಹಾಗೆಂದು ಎಲ್ಲಕ್ಕೂ ಹಡಗಿನವರಿಗೆ ದುಡ್ಡು ಕೊಡಬೇಕಾಗಿಲ್ಲ. ಧಕ್ಕೆಯಿಂದ ದೂರದ ಕಡಲತೀರಕ್ಕೆ ಹೋಗುವುದಾದರೆ ಅವರ ಏರ್ಪಾಟು ಕ್ಷೇಮ. ನಸ್ಸೌವಿನ ಹಳೆಯ ಪೇಟೆಯಾದರೋ ಧಕ್ಕೆಗೆ ಅಂಟಿಕೊಂಡೇ ಇದೆ, ನಡೆದೇ ನೋಡಬಹುದು. ಅಮೆರಿಕದ ಡಾಲರು ಅಲ್ಲಿ ಸಮಬೆಲೆಗೆ ನಡೆಯುತ್ತದೆ. ವಾಹನಗಳು ನಮ್ಮಲ್ಲಿಯಂತೆ ಎಡಗಡೆಯಲ್ಲಿ ಓಡುತ್ತವೆ. 1973ರವರೆಗೆ ಆಳಿದ ಬ್ರಿಟಿಷರು ಬಿಟ್ಟುಹೋದ ಅಭ್ಯಾಸ.

ನಾವು ಮಾಡಿದ್ದೇನು? ಬೆಳಗಿನ ಮೂರು ಗಂಟೆಯನ್ನು ಬೇ ಸ್ಟ್ರೀಟಿನ ಅಂಗಡಿಗಳಲ್ಲಿ ಕಳೆದೆವು. ಆಮೇಲೆ ಎಲ್ಲರೂ ಹೋಗುತ್ತಿದ್ದರೆಂದು ‘ರಾಣಿಯ ಮೆಟ್ಟಿಲು’ ನೋಡಲು ಹೋದೆವು. ಸುಣ್ಣದ ಕಲ್ಲಿನ ಗುಡ್ಡವನ್ನು ಸೀಳಿ ಕಡಿದ ದಾರಿ. ಎರಡೂ ಕಡೆ ಎತ್ತರದ ಗೋಡೆ, ತಂಪು, ಹಸುರು. ಮೊದಲು 66 ಮೆಟ್ಟಿಲಿದ್ದವಂತೆ. ಕೆಳಗಿನದೊಂದು ನೆಲಗಟ್ಟಿನಡಿಯಲ್ಲಿ ಮುಚ್ಚಿಹೋಗಿ ಈಗ ಕಾಣುವುದು 65. ಹೆಂಡತಿಯನ್ನು ನಡುವಿನ ಮೆಟ್ಟಿಲ ಮೇಲೆ ನಿಲ್ಲಿಸಿ, ನಗು ಎಂದು ಹೇಳಿ ಫೋಟೋ ತೆಗೆದೆ. ನಾನೂ ನಿಂತು ನಕ್ಕೆ. ಹಡಗಿಗೆ ಹಿಂದಿರುಗಿದೆವು.

ರಾತ್ರಿ ಊಟದ ಮೇಜಿನಲ್ಲಿ ನಾವು ಕನ್ನಡದಲ್ಲಿ ಮಾತಾಡುತ್ತಿರುವಾಗ ಬಡಿಸುತ್ತಿದ್ದ ಯುವಕ ತಟ್ಟನೆ, “ಸರ್, ನೀವು ಕನ್ನಡದವರಾ?” ಎಂದ. “ಯಾವೂರಪ್ಪಾ ನಿನ್ನದು?” ಎಂದೆ. ಬೈಂದೂರಿನ ಕಡೆ. ನಮ್ಮ ಕರಾವಳಿಯ ಎಷ್ಟೋ ಹುಡುಗರು ಹೀಗೆ ತಿಂಗಳುಗಟ್ಟಲೆ ಸಮುದ್ರದ ಮೇಲೆ ದುಡಿಯುತ್ತಾರೆ. ಪರದೇಶದ ಬಾವುಟದ ಉಪಾಯ ಇಲ್ಲದಿದ್ದರೆ ಅವನು ಅಲ್ಲಿರುತ್ತಿದ್ದನೋ ಇಲ್ಲವೋ!

“ಮೆಟ್ಟಿಲು ನೋಡಿದ್ರಾ ಸರ್?” ಎಂದು ಕೇಳಿದ.

“ನೋಡಿದೆವಪ್ಪ, ಚೆನ್ನಾಗಿದೆ.”

“ಅದನ್ನು ಕಡಿದವರದ್ದು ಒಂದು ಮ್ಯೂಸಿಯಂ ಉಂಟು, ಧಕ್ಕೆಯಿಂದ ಐದು ನಿಮಿಷ. ನಮಗೆ ಇಳಿಲಿಕ್ಕೆ ಸಿಗುವುದೇ ಎರಡು ಗಂಟೆ, ಅದೂ ಯಾವಾಗಲೂ ಇಲ್ಲ. ಒಮ್ಮೆ ಹೋಗಿದ್ದೆ. ನೀವು ಅಲ್ಲಿಗೆ ಹೋಗಲಿಲ್ವಾ, ಮೇಡಂ?”

ನನ್ನ ಹೆಂಡತಿ ನನ್ನ ಮುಖ ನೋಡಿದಳು. ಇಪ್ಪತ್ತು ವರ್ಷ ವಿದ್ಯಾರ್ಥಿಗಳಿಗೆ ಪಾಠ ಹೇಳಿದವನು ನಾನು. ಆರು ಗಂಟೆ ಸಿಕ್ಕಿದ ನಾನು ನೋಡದ್ದನ್ನು ಎರಡು ಗಂಟೆ ಸಿಕ್ಕಿದ ಅವನು ನೋಡಿದ್ದ.

ಅವನು ಹೇಳಿದ ಕಟ್ಟಡದ ಹೆಸರು ವೆಂಡ್ಯೂ ಹೌಸ್. ಗುಲಾಮರನ್ನು ಹರಾಜು ಹಾಕುತ್ತಿದ್ದ ಜಾಗ ಅದು. ಈಗ ಪಾಂಪಿಯ ಹೆಸರಿನ ವಸ್ತುಸಂಗ್ರಹಾಲಯ. ನಾವು ಬೆಳಗ್ಗೆ ಟೋಪಿಗೆ ಚೌಕಾಸಿ ಮಾಡಿದ ಅದೇ ಬೀದಿಯಲ್ಲಿದೆ. ರಾಣಿಯ ಮೆಟ್ಟಿಲನ್ನು 18ನೆಯ ಶತಮಾನದ ಕೊನೆಯ ದಶಕದಲ್ಲಿ ಕಡಿದವರು ಗುಲಾಮರು. ಗುಡ್ಡದ ಮೇಲಿನ ಕೋಟೆಗೂ ಊರಿಗೂ ದಾರಿಯಾಗಲೆಂದು ಕೈಯ ಹತಾರಗಳಿಂದ ಕಡಿದದ್ದು. ಅದಕ್ಕೆ ವಿಕ್ಟೋರಿಯಾ ರಾಣಿಯ ಹೆಸರು ಬಂದದ್ದು ಎಷ್ಟೋ ಕಾಲದ ಮೇಲೆ. ಆ ಕೋಟೆ ಕಟ್ಟಿಸಿದವನು ಗವರ್ನರ್ ಲಾರ್ಡ್ ಡನ್‌ಮೋರ್. ಇದೇ ಡನ್‌ಮೋರ್ 1775ರಲ್ಲಿ ವರ್ಜೀನಿಯಾದಲ್ಲಿದ್ದಾಗ, ದಂಗೆಯೆದ್ದ ಧಣಿಗಳನ್ನು ಬಿಟ್ಟು ಬ್ರಿಟಿಷರ ಕಡೆ ಸೇರುವ ಗುಲಾಮರಿಗೆ ಬಿಡುಗಡೆಯೆಂದು ಸಾರಿದ್ದವನು! ಒಂದು ತೀರದಲ್ಲಿ ಸ್ವಾತಂತ್ರ್ಯ ಸಾರಿದ ಆಳರಸನ ಕಾಲದಲ್ಲೇ ಇನ್ನೊಂದು ತೀರದಲ್ಲಿ ಗುಲಾಮರು ಕಲ್ಲು ಕಡಿದರು.

ಪಾಂಪಿ ಎಂಬವನು ಎಕ್ಸೂಮಾ ದ್ವೀಪದ ತೋಟದಲ್ಲಿದ್ದ ಗುಲಾಮ. 1830ರಲ್ಲಿ, ಅವನನ್ನೂ ಅವನ ಸಂಗಡಿಗರನ್ನೂ ಮನೆಮಾರು ಬಿಡಿಸಿ ಬೇರೆ ದ್ವೀಪಕ್ಕೆ ಸಾಗಿಸಲು ಧಣಿಯ ಕಡೆಯವರು ಹೊರಟರು. ಅವರು ಒಪ್ಪಲಿಲ್ಲ, ಕಾಡು ಸೇರಿದರು. ಕೊನೆಗೆ ಸುಮಾರು 44 ಮಂದಿ ಧಣಿಯದೇ ದೋಣಿಯೊಂದನ್ನು ವಶಪಡಿಸಿಕೊಂಡು, ಗವರ್ನರನಿಗೆ ದೂರು ಹೇಳಲು ನಸ್ಸೌಗೆ ಬಂದರು. ಬಂದವರನ್ನು ಹಿಡಿದು, ಹೆಂಗಸರೆನ್ನದೆ ಚಾಟಿಯಲ್ಲಿ ಹೊಡೆದರು. ಸಂಗತಿ ತಿಳಿದ ಗವರ್ನರ್ ಸ್ಮಿತ್ ಕನಲಿದ. ಅವರನ್ನು ತಮ್ಮ ಎಕ್ಸೂಮಾಕ್ಕೇ ಹಿಂದಕ್ಕೆ ಕಳುಹಿಸಿದ. ನಾಲ್ಕು ವರ್ಷದ ಮೇಲೆ, 1834ರ ಆಗಸ್ಟ್ ಒಂದರಂದು, ಬ್ರಿಟಿಷ್ ಸಾಮ್ರಾಜ್ಯದ ಹೆಚ್ಚಿನ ಭಾಗಗಳಲ್ಲಿ ಗುಲಾಮಗಿರಿಯನ್ನು ರದ್ದುಪಡಿಸುವ ಶಾಸನ ಜಾರಿಗೆ ಬಂತು.

ಆ ಬಂದರಿಗೆ ಎಷ್ಟು ಹಡಗು ಬಂದಿವೆ! ಜನರನ್ನು ಮಾರಲು ತಂದ ಹಡಗು, ಮದ್ಯ ತುಂಬಿದ ಹಡಗು, ನಮ್ಮನ್ನು ತಂದ ಹನ್ನೆರಡು ಅಂತಸ್ತಿನ ಬಿಳಿಯ ಹಡಗು. ಅವೆಲ್ಲಕ್ಕಿಂತ ದೊಡ್ಡ ಯಾತ್ರೆ ಮಾಡಿದ್ದು ಪಾಂಪಿಯ ದೋಣಿಯೆಂದು ನನಗೆ ತೋರುತ್ತದೆ. ಅದು ಹೊರಟದ್ದು ವಿಹಾರಕ್ಕಲ್ಲ, ‘ಇದು ನಮ್ಮ ಮನೆ, ಬಿಡುವುದಿಲ್ಲ’ ಎಂದು ಹೇಳುವುದಕ್ಕೆ.

ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಸಮುದ್ರ ಸುಂದರವಾಗಿದೆ, ಜನ ಸ್ನೇಹಪರರು, ಸಸ್ಯಾಹಾರಿಗೂ ಹಡಗಿನಲ್ಲಿ ಊಟಕ್ಕೆ ಕೊರತೆಯಿಲ್ಲ. ಹೋಗಿ, ಹೊರಡುವ ಮುನ್ನ ಇಳಿಯುವ ಊರಿನ ಚರಿತ್ರೆಯನ್ನು ಹತ್ತು ಪುಟವಾದರೂ ಓದಿಕೊಳ್ಳಿ. ಮೊದಲ ಗಂಟೆಯನ್ನು ಅಂಗಡಿಗೆ ಕೊಡಬೇಡಿ. ಟೋಪಿ ಹಿಂದಿರುಗುವಾಗಲೂ ಸಿಕ್ಕುತ್ತದೆ. ಮೆಟ್ಟಿಲ ಮೇಲೆ ಫೋಟೋ ತೆಗೆದುಕೊಳ್ಳುವುದರಲ್ಲಿಯೂ ತಪ್ಪಿಲ್ಲ. ನನ್ನ ಮೇಜಿನ ಮೇಲೆ ನಮ್ಮದು ಈಗಲೂ ಇದೆ. ಅದರಲ್ಲಿ ನಾವಿಬ್ಬರೂ ನಗುತ್ತಿದ್ದೇವೆ. ನಾನು ಮಾತ್ರ ಈಗ ಅದನ್ನು ನೋಡುವಾಗ ಮೊದಲು ಕಾಣುವುದು ಕಾಲ ಕೆಳಗಿನ ಕಲ್ಲು.