ಕಲ್ಕುಡನ ಪಾಡ್ದನವೂ ಹೀರಾಮನ ಕಥೆಯೂ

ಮಹಾಕಾರ್ಯವನ್ನು ಮುಗಿಸಿದ ಶಿಲ್ಪಿಯು ಆ ಕಾರ್ಯದ ನಿಮಿತ್ತವಾಗಿಯೇ ಹಿಂಸೆಗೊಳಗಾದ ಕಥೆಗಳು ಹಲವು ದೇಶಗಳಲ್ಲಿವೆ. ಇವುಗಳಲ್ಲಿ ಫ್ರೀಮೇಸನ್ ಸಂಘದವರ ಹೀರಾಮನ ಕಥೆಯೂ ತುಳುನಾಡಿನ ಕಲ್ಕುಡನ ಪಾಡ್ದನವೂ ಒಂದನ್ನೊಂದು ಬಹಳ ಮಟ್ಟಿಗೆ ಹೋಲುತ್ತವೆ. ಈ ಹೋಲಿಕೆಯನ್ನು ಕಂಡು ಎರಡಕ್ಕೂ ಒಂದೇ ಗುಹ್ಯಸಂಪ್ರದಾಯವು ಮೂಲವೆಂದು ಊಹಿಸುವುದು ಸುಲಭ. ಆ ಊಹೆಯು ನಿಲ್ಲುವುದೇ ಎಂಬುದು ವಿಚಾರಾರ್ಹವಾಗಿದೆ.

ಹೀರಾಮನು ಸೊಲೊಮೋನನ ದೇವಾಲಯಕ್ಕೆ ಎರಡು ಕಂಚಿನ ಕಂಬಗಳನ್ನು ಎರೆದವನೆಂದು ಬೈಬಲಿನಲ್ಲಿ ಉಕ್ತವಾಗಿದೆ; ಅವನ ಕೊಲೆಯ ಮಾತು ಅಲ್ಲಿಲ್ಲ. ಗುರುಶಿಲ್ಪಿಯ ರಹಸ್ಯಪದವನ್ನು ಹೇಳಲೊಲ್ಲದ ಅವನನ್ನು ಜೊತೆಗೆಲಸದವರು ಮೂವರು ಕೊಂದರೆಂಬ ಕಥೆಯು 1730ರಲ್ಲಿ ಸ್ಯಾಮ್ಯುಯೆಲ್ ಪ್ರಿಚರ್ಡನು ಪ್ರಕಟಿಸಿದ ಪುಸ್ತಕದಲ್ಲಿ ಕಾಣಬರುತ್ತದೆ. ಸಂಘದ ಮೂರನೆಯ ದೀಕ್ಷೆಗೆ ಈ ಕಥೆಯೇ ಆಧಾರ. ಮೂಲೆಮಟ್ಟ, ಕೈವಾರ ಮೊದಲಾದ ಕಲ್ಲುಕೆಲಸದ ಉಪಕರಣಗಳಿಗೆ ಸಂಘದವರು ನೀತಿಪರವಾದ ಅರ್ಥಗಳನ್ನು ಆರೋಪಿಸಿರುವರು.

ಇನ್ನು ಕಲ್ಕುಡನ ವೃತ್ತಾಂತ. ಕಾರ್ಕಳದ ಗೊಮ್ಮಟನನ್ನು ಕಡೆದ ಬೀರ ಕಲ್ಕುಡನು ಬೇರೆ ರಾಜ್ಯದಲ್ಲಿ ಅಂತಹ ಕೆಲಸವನ್ನು ಮಾಡಬಾರದೆಂದು ಅಲ್ಲಿಯ ಅರಸನು ಅವನ ಎಡಗೈಯನ್ನೂ ಬಲಗಾಲನ್ನೂ ಕಡಿಸಿದನು. ಕಲ್ಕುಡನಾದರೋ ಈಗಿನ ಬೆಳ್ತಂಗಡಿ ತಾಲ್ಲೂಕಿನ ವೇಣೂರಿಗೆ ಬಂದು, ಉಳಿದ ಒಂದೇ ಕೈಯಿಂದ ಮತ್ತೊಬ್ಬ ಗೊಮ್ಮಟನನ್ನು ಕಡೆದನು. ಅನಂತರ ಅವನೂ ತಂಗಿ ಕಲ್ಲುರ್ಟಿಯೂ ಮಾಯವಾಗಿ ದೈವಗಳಾದರು. ಕಾರ್ಕಳದ ಮೇಲೆ ಸೇಡನ್ನು ತೀರಿಸಿಕೊಂಡರು. ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದ ಬರ್ನೆಲನ ಸಂಗ್ರಹದ ಮೂಲಕ ಈ ಪಾಡ್ದನವು ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಅಚ್ಚಾಯಿತು.

ಶಾಸನಗಳ ಕಾಲಮಾನವು ಈ ಕಥೆಗೆ ಒಪ್ಪುವುದಿಲ್ಲ. ಕಾರ್ಕಳದ ವಿಗ್ರಹವು 1432ರಲ್ಲಿ ವೀರಪಾಂಡ್ಯ ಭೈರರಸನಿಂದಲೂ, ವೇಣೂರಿನದು 1604ರಲ್ಲಿ ತಿಮ್ಮರಾಜ ಅಜಿಲನಿಂದಲೂ ಪ್ರತಿಷ್ಠಿತವಾದುವು. ನಡುವೆ 172 ವರ್ಷಗಳಿವೆ. ಒಬ್ಬನೇ ಶಿಲ್ಪಿಯು ಎರಡನ್ನೂ ಕಡೆದಿರಲಾರನು. ಆದುದರಿಂದ ಪಾಡ್ದನವು ಒಬ್ಬನ ಚರಿತ್ರೆಯಲ್ಲ. ಹೆಸರುಳಿಯದ ಹಲವು ತಲೆಮಾರುಗಳ ಕಲ್ಲುಕುಟಿಗರ ನೆನಪನ್ನು ಒಬ್ಬನಲ್ಲಿ ಕೂಡಿಸಿದ ಕಥೆಯೆಂದು ಭಾವಿಸುವುದೇ ಯುಕ್ತ.

ಪಾಡ್ದನವು ಲಾಡ್ಜುಗಳಿಂದ ಬಂದಿತೆನ್ನಲೂ ಆಧಾರವಿಲ್ಲ. ಭಾರತದಲ್ಲಿ ಫ್ರೀಮೇಸನ್ ಸಂಘವು 1730ರ ಸುಮಾರಿಗೆ ಕಲ್ಕತ್ತೆಯಲ್ಲಿ ಕಾಲಿರಿಸಿತು. ಅದು ಬಹುಕಾಲ ಆಂಗ್ಲ ಅಧಿಕಾರಿಗಳ ಮತ್ತು ವರ್ತಕರ ಕೂಟವಾಗಿತ್ತು. ಪಾಡ್ದನವನ್ನು ಹಾಡಿಕೊಂಡು ಬಂದ ಪಂಬದ, ಪರವ, ನಲಿಕೆಯವರಿಗೆ ಆ ಕೂಟದ ಬಾಗಿಲು ತೆರೆದಿರಲಿಲ್ಲ. ಮಾಸ್ಕೋವಿನ ಸಂತ ಬೆಸಿಲನ ಇಗರ್ಜಿಯನ್ನು ಕಟ್ಟಿದವರ ಕಣ್ಣುಗಳನ್ನು ಜಾರನು ಕೀಳಿಸಿದನೆಂಬ ಐತಿಹ್ಯವೂ ಉಂಟು. ಜ್ಞಾನವು ಕುಶಲಿಯ ದೇಹದಲ್ಲಿದೆ, ಅವನು ಹೋದರೆ ಅದೂ ಹೋಗುವುದು ಎಂಬ ಭಯವು ಎಲ್ಲೆಲ್ಲಿಯೂ ಇಂತಹ ಕಥೆಗಳನ್ನು ಹುಟ್ಟಿಸಬಲ್ಲುದು.

ಸಂಕೇತಗಳ ವಿಷಯದಲ್ಲಿಯೂ ಇದೇ ಎಚ್ಚರವು ಬೇಕು. ಮೂಡುಬಿದಿರೆಯಲ್ಲಿ 1430ರಲ್ಲಿ ಕಟ್ಟಿದ ತ್ರಿಭುವನತಿಲಕ ಚೂಡಾಮಣಿ ಬಸದಿಯ, ಎಂದರೆ ಸಾವಿರ ಕಂಬದ ಬಸದಿಯ, ಮುಂದಿರುವ ಮಾನಸ್ತಂಭವನ್ನು ಸೊಲೊಮೋನನ ಕಂಬಗಳಿಗೆ ಹೋಲಿಸಬಹುದೆಂದು ತೋರೀತು. ಆದರೆ ಅಲ್ಲಿ ದ್ವಾರದ ಎಡಬಲಗಳಲ್ಲಿ ಎರಡು ಕಂಬಗಳು. ಇಲ್ಲಿ ಒಂಟಿಯಾಗಿ ನಿಂತ ಒಂದೇ ಕಂಬ. ನೋಡಿದವನ ಮಾನವನ್ನು, ಎಂದರೆ ಗರ್ವವನ್ನು, ಮುರಿಯುವುದೇ ಇದರ ತಾತ್ಪರ್ಯ. ಜಿನಸೇನಾಚಾರ್ಯರ ಆದಿಪುರಾಣದ ಸಮವಸರಣ ವರ್ಣನೆಯಲ್ಲಿ ಮಾನಸ್ತಂಭವು ಬಂದಿದೆ; ಅದರ ಅರ್ಥವನ್ನು ತಿಳಿಯಲು ದೀಕ್ಷೆಯ ಅಗತ್ಯವಿಲ್ಲ.

ಎರಡು ಕಥೆಗಳ ಭೇದವೇ ಹೋಲಿಕೆಗಿಂತ ಹೆಚ್ಚು ಬೋಧಪ್ರದವಾಗಿದೆ. ಹೀರಾಮನ ರಹಸ್ಯವು ಒಂದು ಪದ, ಕಲ್ಕುಡನದು ಕೈ. ಹೀರಾಮನನ್ನು ಕೊಂದವರು ಅವನ ಕೈಕೆಳಗಿನವರು. ಕಲ್ಕುಡನನ್ನು ಊನಗೊಳಿಸಿದವನು ಕೆಲಸವನ್ನು ಮಾಡಿಸಿದ ಒಡೆಯನೇ. ಹೀರಾಮನ ಮರಣವು ಮುಚ್ಚಿದ ಬಾಗಿಲ ಹಿಂದೆ, ದೀಕ್ಷೆ ಪಡೆದವರ ನಡುವೆ ಅಭಿನೀತವಾಗುತ್ತದೆ. ಬಂಟವಾಳ ತಾಲ್ಲೂಕಿನ ಪಣೋಲಿಬೈಲಿನಲ್ಲಾದರೋ ಕಲ್ಲುರ್ಟಿಗೆ ಕೋಲವೂ ಅಗೇಲೂ ಬಹಿರಂಗವಾಗಿ ಸಲ್ಲುತ್ತವೆ. ಅನ್ಯಾಯಕ್ಕೆ ಸಿಕ್ಕಿದವರು ಬಂದು ಮೊರೆಯಿಡುತ್ತಾರೆ. ಕಾರ್ಕಳ ವೇಣೂರುಗಳ ಶಾಸನಗಳು ಕಟ್ಟಿಸಿದ ಅರಸರ ಹೆಸರನ್ನು ಉಳಿಸಿದುವು. ಕಡೆದವನ ಪಕ್ಷವನ್ನು ಉಳಿಸಿದುದು ಪಾಡ್ದನ. ಅದನ್ನು ದೂರದೇಶದ ಗುಹ್ಯವಿದ್ಯೆಯ ಶಾಖೆಯೆಂದು ತಿಳಿದರೆ ಈ ಸಾಕ್ಷ್ಯವನ್ನೇ ಕಳೆದುಕೊಂಡಂತಾಗುವುದು.